ಕಿಟಕಿಯಿಲ್ಲದ ವಿಮಾನಕ್ಕೆ ಹತ್ತಕ್ಕೆ ಎಂಟು

ಆ ಬೇಸಿಗೆಯಲ್ಲಿ ನಾವು ಕೊಡಿಗೇಹಳ್ಳಿಯ ಒಂದು ತಗಡಿನ ಶೆಡ್ಡಿನೊಳಗೆ ವಿಮಾನದ ಹೊಟ್ಟೆಯ ಒಂದು ತುಂಡನ್ನು ಕಟ್ಟಿ ನಿಲ್ಲಿಸಿದ್ದೆವು. ಅದಕ್ಕೆ ರೆಕ್ಕೆಯಿಲ್ಲ, ಚಕ್ರವಿಲ್ಲ, ಹಾರುವ ಯೋಗವಂತೂ ಮೊದಲೇ ಇಲ್ಲ. ಒಳಗೆ ಆರು ಸಾಲು. ಪ್ರತಿ ಸಾಲಿನಲ್ಲೂ ನಡುದಾರಿಯ ಈ ಕಡೆ ಎರಡು, ಆ ಕಡೆ ಒಂದು, ಒಟ್ಟು ಹದಿನೆಂಟು ಸೀಟು. ಸೀಟು, ಬೆಲ್ಟು, ತಲೆಯ ಮೇಲಿನ ಲಗೇಜು ಪೆಟ್ಟಿಗೆ ಎಲ್ಲವೂ ನಿಜವಾದ ವಿಮಾನದಲ್ಲಿರುವ ಹಾಗೆಯೇ ಇದ್ದವು. ಕಿಟಕಿ ಮಾತ್ರ ಒಂದೂ ಇರಲಿಲ್ಲ.

ಕಿಟಕಿ ಬೇಡವೆಂದವರು ಹೊರದೇಶದ ಗ್ರಾಹಕ ಕಂಪನಿಯವರು. ಅವರ ಲೆಕ್ಕ ಸರಳವಾಗಿತ್ತು. ವಿಮಾನದ ಮೈಯಲ್ಲಿ ಪ್ರತಿಯೊಂದು ಕಿಟಕಿಯೂ ಒಂದು ತೂತು. ತೂತಿನ ಸುತ್ತ ಮೈ ಸೀಳದಂತೆ ದಪ್ಪ ಚೌಕಟ್ಟು ಕೂರಿಸಬೇಕು, ಚೌಕಟ್ಟು ಕೂರಿಸಿದರೆ ತೂಕ, ತೂಕ ಹೆಚ್ಚಿದರೆ ಇಂಧನ. ತೂತನ್ನೇ ಮುಚ್ಚಿಬಿಟ್ಟರೆ ವಿಮಾನ ಹಗುರ. ಕಿಟಕಿಯ ಬದಲು ಒಳಗೋಡೆಗೆ ಉದ್ದಕ್ಕೂ ತೆಳುವಾದ ಪರದೆಗಳು, ಹೊರಗೆ ಕ್ಯಾಮೆರಾ. ಮೋಡ, ಸೂರ್ಯ, ಕೆಳಗಿನ ಊರು ಎಲ್ಲವೂ ಗೋಡೆಯ ಮೇಲೆಯೇ ಕಾಣುತ್ತದೆ. ಇಂಥ ಡಬ್ಬಿಯಲ್ಲಿ ಜನ ನೆಮ್ಮದಿಯಾಗಿ ಕೂರುತ್ತಾರೋ ಇಲ್ಲವೋ ಎಂದು ಅಳೆದು ಹೇಳುವ ಕೆಲಸ ನನ್ನದು. ಆರು ವಾರ ಜನರನ್ನು ಕೂರಿಸಿ, ಅವರು ಕೊಟ್ಟ ಅಂಕ ಕೂಡಿಸಿ, ವರದಿ ಕಳಿಸಬೇಕು. ಹತ್ತಕ್ಕೆ ಏಳು ದಾಟಿದರೆ ವಿನ್ಯಾಸ ಮುಂದಿನ ಹಂತಕ್ಕೆ ಹೋಗುತ್ತದೆ, ನಾಳೆ ನಾಡಿದ್ದು ನಿಜವಾದ ಜನ ನಿಜವಾದ ಆಕಾಶದಲ್ಲಿ ಅದರೊಳಗೆ ಕೂರುತ್ತಾರೆ. ನನಗೆ ಇದು ಗೊತ್ತಿತ್ತು. ಆದರೂ ಆಮೇಲೆ ನಡೆದದ್ದು ನಡೆಯಿತು.

ಜನರನ್ನು ಕೂರಿಸುವ ಮೊದಲು ಎರಡು ವಾರ ಬರೀ ರಿಪೇರಿ. ನೆಲದ ಕೆಳಗೆ ಸಣ್ಣ ಅಲುಗಾಟ ಕೊಡುವ ಯಂತ್ರವಿತ್ತು. ನೆಲ ಅಲುಗಿದ ಮೇಲೆ ಪರದೆಯ ಚಿತ್ರ ಕಣ್ಣು ಮಿಟುಕಿಸುವಷ್ಟು ತಡವಾಗಿ ಅಲುಗುತ್ತಿತ್ತು. ಅಷ್ಟು ಸಾಕು, ಕೂತವರಿಗೆ ಹೊಟ್ಟೆ ತೊಳಸುತ್ತಿತ್ತು. ಆ ತಡವನ್ನು ಅಳೆಯಲು ಶೆಡ್ಡಿನ ಮಾಡಿನ ಮೇಲೆ ಕ್ಯಾಮೆರಾ ಇಟ್ಟು ನೇರ ಪ್ರಸಾರ ಹಾಕಿದ ದಿನ ಒಂದು ಹಲ್ಲಿ ಲೆನ್ಸಿನ ಮೇಲೆ ಹರಿದುಹೋಯಿತು. ಒಳಗೆ ಕೂತಿದ್ದ ನಮ್ಮ ಟೆಕ್ನಿಷಿಯನ್ ಎದುರಿಗೆ ಮೊಸಳೆ ಗಾತ್ರದ ಹಲ್ಲಿ, ಹೊಟ್ಟೆಯೊಳಗಿನ ಮೊಟ್ಟೆ ಸಮೇತ. ಅವನು ಹೊರಗೆ ಓಡಿಬಂದು, "ಮೇಡಂ, ನಲವತ್ತು ಸಾವಿರ ಅಡಿ ಮೇಲೂ ಹಲ್ಲಿ ಬಿಡಲ್ವಲ್ಲ ನಮ್ಮನ್ನ" ಎಂದ. ಯಲಹಂಕದ ಕಡೆಯಿಂದ ಯುದ್ಧವಿಮಾನ ಎದ್ದರೆ ತಗಡೆಲ್ಲ ಗಡಗಡ ಎನ್ನುತ್ತಿತ್ತು. ಅದಕ್ಕೆ ಗೋಡೆಗೆ ದಪ್ಪ ಹತ್ತಿ ತುಂಬಿದ ಹಲಗೆ ಹೊಡೆಸಿದೆವು. ನಾವು ಕೂರುವ ಕಂಟ್ರೋಲ್ ರೂಮಿನಿಂದ ಕ್ಯಾಬಿನ್ನಿನೊಳಗೆ ನೋಡಲು ಒಂದು ಗಾಜಿನ ಕಿಂಡಿಯಿತ್ತು. ಅದರಿಂದ ನಮ್ಮ ಟ್ಯೂಬ್‌ಲೈಟಿನ ಬೆಳಕು ಒಳಗೆ ಬೀಳುತ್ತಿತ್ತು. ಕಿಂಡಿಗೆ ಪ್ಲೈವುಡ್ ಹೊಡೆದು ಮುಚ್ಚಿ ಎಂದವಳು ನಾನೇ. ಒಳಗೆ ಕ್ಯಾಮೆರಾ ಇದೆ, ನಮ್ಮ ಮೇಜಿನ ಮೇಲೆ ಮಾನಿಟರ್ ಇದೆ, ಕಿಂಡಿ ಯಾಕೆ ಬೇಕು ಎಂದು ವಾದಿಸಿದ್ದೆ. ಬಾಗಿಲ ಮೇಲಿನ ಎಮರ್ಜೆನ್ಸಿ ದೀಪದ ಹಸಿರು ಪರದೆಯಲ್ಲಿ ಪ್ರತಿಫಲಿಸುತ್ತದೆ ಎಂದು ಅದಕ್ಕೂ ಕಪ್ಪು ಟೇಪು ಸುತ್ತಿಸಿದೆ.

ಆಮೇಲೆ ಜನ ಬರತೊಡಗಿದರು. ಗ್ರಾಹಕರ ನಿಯಮಾವಳಿಯಲ್ಲಿ ಬಂದವರಿಗೆ ಒಂದು ಬಾಟಲಿ ನೀರು ಕೊಡಿ ಎಂದಷ್ಟೇ ಇತ್ತು. ನಮ್ಮ ಮ್ಯಾನೇಜರಿಗೆ ಅದು ಅವಮಾನವೆನಿಸಿತು. "ಬಂದೋರಿಗೆ ಬರೀ ನೀರು ಕುಡಿಸಿ ಕಳ್ಸೋದೇನ್ರೀ? ನಮ್ಮನೆ ಕಡೆ ಹಂಗೆಲ್ಲ ಮಾಡಲ್ಲಪ್ಪ" ಎಂದು ಅಡುಗೆಯವರನ್ನು ಗೊತ್ತುಮಾಡಿದರು. ನಾನೂ ಹೂಂ ಎಂದೆ, ನನಗೂ ಅದು ಸರಿಯೆನಿಸಿತು. ಹತ್ತು ಗಂಟೆಗೆ ಇಡ್ಲಿ, ವಡೆ, ಕೇಸರಿಬಾತ್. ಎರಡೂವರೆ ಗಂಟೆ ಕ್ಯಾಬಿನ್ನಿನಲ್ಲಿ ಕೂತು ಹೊರಬಂದ ಮೇಲೆ ಎಲೆಯೂಟ, ಹೋಳಿಗೆ. ಊಟದ ನಂತರ ಒಂದು ಸ್ಟೀಲ್ ಡಬ್ಬಿಯಲ್ಲಿ ಎಲೆ ಅಡಿಕೆ ಬಾಳೆಹಣ್ಣು ಇಟ್ಟು ಕೈಗೆ ಕೊಟ್ಟು, ಅದರ ಜೊತೆಗೇ ಫಾರಂ ಕೊಡುತ್ತಿದ್ದೆವು. ಸುಖ ಎಷ್ಟಿತ್ತು, ಭಯ ಆಯಿತೇ, ಉಸಿರು ಕಟ್ಟಿದಂತಾಯಿತೇ, ಹೀಗೆ ಹತ್ತು ಪ್ರಶ್ನೆ, ಒಂದೊಂದಕ್ಕೆ ಹತ್ತು ಅಂಕ. "ಏನನ್ನಿಸಿತೋ ಮುಕ್ತವಾಗಿ ಬರೀರಿ" ಎಂದು ನಾನು ಒಬ್ಬೊಬ್ಬರಿಗೂ ಹೇಳುತ್ತಿದ್ದೆ.

ಅವರು ಮುಕ್ತವಾಗಿಯೇ ಬರೆದರು. ಎಂಟು, ಒಂಬತ್ತು, ಎಂಟು, ಎಂಟೂವರೆ. ಐದನೇ ವಾರದ ಕೊನೆಗೆ ಸರಾಸರಿ ಎಂಟು ದಾಟಿ ನಿಂತಿತ್ತು. ಮ್ಯಾನೇಜರು ಕಾರಿಡಾರಿನಲ್ಲಿ ಸಿಕ್ಕಾಗಲೆಲ್ಲ ಹೆಬ್ಬೆರಳು ಎತ್ತಿ ತೋರಿಸುತ್ತಿದ್ದರು. ಗ್ರಾಹಕ ಕಂಪನಿಯ ಎಂಜಿನಿಯರ್ ಫೋನಿನಲ್ಲಿ, ತಮ್ಮ ದೇಶದಲ್ಲಿ ಐದೂವರೆ ಬಂದಿತ್ತು, ನಿಮ್ಮಲ್ಲಿ ಇಷ್ಟು ಹೇಗೆ ಎಂದು ಕೇಳಿದ. ನಮ್ಮ ಜನ ಬಿ.ಎಂ.ಟಿ.ಸಿ. ಬಸ್ಸಿನಲ್ಲಿ ಹೆಬ್ಬಾಳದ ಫ್ಲೈಓವರ್ ದಾಟುವವರು, ಅವರಿಗೆ ಇದು ವೈಕುಂಠ ಎಂದು ನಾನು ತಮಾಷೆ ಮಾಡಿದೆ. ಆ ಜೋಕನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ.

ಆರನೇ ವಾರದ ಬುಧವಾರ. ಅಂದು ಬಂದವರಲ್ಲಿ ಹೆಚ್ಚಿನವರು ಗಂಗಾನಗರದ ಬೆಳಗಿನ ವಾಕಿಂಗ್ ಗುಂಪಿನ ಹಿರಿಯರು. ಅವರನ್ನು ಕರೆತಂದವರು ಒಬ್ಬ ನಿವೃತ್ತ ಟೀಚರು. ಗಣಿತ ಕಲಿಸಿದವರು, ನೆಟ್ಟಗೆ ಬೆನ್ನು, ಕಾಟನ್ ಸೀರೆ, ಬಿಗಿಯಾದ ತುರುಬು. ಅರ್ಧ ಅಂಕಕ್ಕೂ ಮಕ್ಕಳನ್ನು ಅಳಿಸುತ್ತಿದ್ದೆ ಎಂದು ಅವರೇ ಹೆಮ್ಮೆಯಿಂದ ಹೇಳಿಕೊಂಡರು. ಅವರ ಪಕ್ಕದ ಸೀಟಿಗೆ ಬಂದವರು ಕೊಡಿಗೇಹಳ್ಳಿಯ ಹಳೆಯ ಮನೆತನದ ಒಬ್ಬ ಗೌಡರು. ನಮ್ಮ ಶೆಡ್ಡು ನಿಂತಿದ್ದ ಜಾಗ ಒಂದು ಕಾಲಕ್ಕೆ ಅವರ ರಾಗಿಹೊಲ. ಎಲ್ಲರ ಬಿ.ಪಿ. ನೋಡಿದೆವು, ಮೊಬೈಲುಗಳನ್ನು ತಟ್ಟೆಯಲ್ಲಿ ತೆಗೆದಿಟ್ಟುಕೊಂಡೆವು, ಸೂಚನೆ ಹೇಳಿದೆ, ಹನ್ನೊಂದಕ್ಕೆ ಬಾಗಿಲು ಹಾಕಿದೆ. ಹಾಕಿದೆ ಅಂದರೆ ಮುಂದಕ್ಕೆ ತಳ್ಳಿದೆ, ಅಷ್ಟೇ. ಅದಕ್ಕೆ ಬೀಗವೂ ಇರಲಿಲ್ಲ, ಚಿಲಕವೂ ಇರಲಿಲ್ಲ.

ಎರಡು ದಿನದ ಹಿಂದೆ ನಾವು ಒಂದು ಬದಲಾವಣೆ ಮಾಡಿದ್ದೆವು. ಪರದೆಗಳಲ್ಲಿ ಸಣ್ಣ ಗೆರೆಗಳು ಓಡುತ್ತಿವೆ ಎಂದು ಕ್ಯಾಬಿನ್ನಿಗೆ ಬೇರೆಯೇ ಒಂದು ವಿದ್ಯುತ್ ಲೈನು ಎಳೆಸಿದ್ದೆವು. ಟೆಕ್ನಿಷಿಯನ್ ನಕ್ಷೆ ತಂದು ತೋರಿಸಿದಾಗ ನಾನು ಸಹಿ ಹಾಕಿದ್ದೆ. ಆ ಹೊಸ ಲೈನಿಗೆ ಜನರೇಟರಿನ ಸಂಪರ್ಕ ಕೊಟ್ಟಿಲ್ಲ ಎಂಬುದು ಅವನಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ.

ಹನ್ನೊಂದೂ ಮುಕ್ಕಾಲರ ಹೊತ್ತಿಗೆ ಕರೆಂಟು ಹೋಯಿತು. ನಮ್ಮ ಊರಿನಲ್ಲಿ ಇದೊಂದು ಸುದ್ದಿಯೇ ಅಲ್ಲ. ಟ್ಯೂಬ್‌ಲೈಟು ಒಮ್ಮೆ ಕಣ್ಣು ಮುಚ್ಚಿ ತೆರೆಯಿತು, ಹೊರಗೆ ಜನರೇಟರ್ ಗುಡುಗಿತು, ಯು.ಪಿ.ಎಸ್. ಇದ್ದುದರಿಂದ ನಮ್ಮ ಕಂಪ್ಯೂಟರು ಆರಲೇ ಇಲ್ಲ. ಮಾನಿಟರಿನಲ್ಲಿ ಹದಿನೆಂಟೂ ಜನ ಶಾಂತವಾಗಿ ಕೂತಿದ್ದರು. ಮೂಲೆಯಲ್ಲಿ ಗಡಿಯಾರ ಸೆಕೆಂಡು ಸೆಕೆಂಡಿಗೆ ಓಡುತ್ತಿತ್ತು. "ಪಾಪ, ಎಷ್ಟು ಚೆನ್ನಾಗಿ ಕೂತಿದಾರೆ ನೋಡಿ ಮೇಡಂ, ಒಬ್ರೂ ಅಲ್ಲಾಡ್ತಿಲ್ಲ" ಎಂದ ಟೆಕ್ನಿಷಿಯನ್. ನಡುನಡುವೆ ಸ್ಪೀಕರಿನಲ್ಲಿ ಹೇಗಿದ್ದೀರಿ ಎಂದು ಕೇಳುತ್ತಿದ್ದೆವು, ಅದರ ಹೊತ್ತು ಇನ್ನೂ ಆಗಿರಲಿಲ್ಲ. ನಾನು ಹಿಂದಿನ ದಿನದ ಅಂಕಗಳನ್ನು ಕೂಡಿಸುತ್ತಾ ಕಾಫಿ ಕುಡಿದೆ.

ಹನ್ನೆರಡು ದಾಟಿದ ಮೇಲೆ ಯಾಕೋ ತಲೆಯೆತ್ತಿ ಮಾನಿಟರ್ ನೋಡಿದೆ. ಮೊದಲ ಸಾಲಿನಲ್ಲಿ ಟೀಚರು ತುರುಬು ಸರಿಮಾಡಿಕೊಳ್ಳಲು ಬಲಗೈ ಎತ್ತಿದ್ದರು. ಕಾಫಿ ಕುಡಿಯುವಾಗಲೂ ಆ ಕೈ ಅಲ್ಲೇ ಇದ್ದದ್ದು ನೆನಪಾಯಿತು. ಅದಕ್ಕೂ ಮೊದಲು? ಆಗಲೂ ಅಲ್ಲೇ ಇತ್ತು. ಒಬ್ಬ ಮನುಷ್ಯ ಕೈಯನ್ನು ಅಷ್ಟು ಹೊತ್ತು ಎತ್ತಿ ಹಿಡಿದಿರಲು ಸಾಧ್ಯವೇ? ನಾನು ನೋಡುತ್ತಿದ್ದದ್ದು ಜನರನ್ನಲ್ಲ. ಒಳಗಿನ ಕ್ಯಾಮೆರಾ ಕರೆಂಟಿನ ಜೊತೆಗೇ ಸತ್ತಿತ್ತು, ಮಾನಿಟರು ಅದರ ಕೊನೆಯ ಚಿತ್ರವನ್ನು ಹಿಡಿದುಕೊಂಡು ನಿಂತಿತ್ತು. ಮೂಲೆಯ ಗಡಿಯಾರ ಕ್ಯಾಮೆರಾದ್ದಲ್ಲ, ನಮ್ಮ ಕಂಪ್ಯೂಟರಿನದು. ಗೋಡೆಯಲ್ಲಿ ಕಿಂಡಿಯಿದ್ದ ಜಾಗದ ಪ್ಲೈವುಡ್ಡನ್ನು ಒಮ್ಮೆ ನೋಡಿ, ಎದ್ದು ಓಡಿದೆ.

ಬಾಗಿಲು ಎಳೆದಾಗ ಒಳಗಿನಿಂದ ಬಂದ ಬಿಸಿಗಾಳಿ ಮುಖಕ್ಕೆ ಹೊಡೆಯಿತು. ತಗಡಿನ ಮಾಡು, ಮಾರ್ಚಿನ ಬಿಸಿಲು, ಕಾದ ಪರದೆಗಳು, ಫ್ಯಾನಿಲ್ಲ, ಎ.ಸಿ. ಇಲ್ಲ. ಒಳಗೆ ಗವ್ವೆನ್ನುವ ಕತ್ತಲು. ಮೊಬೈಲಿನ ಟಾರ್ಚ್ ಹಾಕಿದೆ. ಬೆವರಿನಲ್ಲಿ ಮುಳುಗಿ ಎದ್ದಂತಿದ್ದ ಮುಖಗಳು ಸಾಲಾಗಿ ನನ್ನ ಕಡೆ ತಿರುಗಿದವು. ಎಲ್ಲರೂ ಸೀಟಿನಲ್ಲೇ ಇದ್ದರು. ಎಲ್ಲರ ಬೆಲ್ಟೂ ಹಾಗೇ ಇತ್ತು. ಯಾರೂ ಕೂಗಲಿಲ್ಲ, ಬೈಯಲಿಲ್ಲ. ಹಿಂದಿನ ಸಾಲಿನಿಂದ ಒಂದು ಗಂಡಸಿನ ದನಿ ಮೆಲ್ಲಗೆ ಕೇಳಿತು: "ಮುಗೀತಾ ಮೇಡಂ?"

ಇಪ್ಪತ್ತೊಂದು ನಿಮಿಷ. ಆಮೇಲೆ ದಾಖಲೆ ನೋಡಿ ಲೆಕ್ಕ ಹಾಕಿದ್ದು. ಇಪ್ಪತ್ತೊಂದು ನಿಮಿಷ ಹದಿನೆಂಟು ಜನ, ಬೀಗವಿಲ್ಲದ ಬಾಗಿಲಿನ ಒಳಗೆ, ಕಗ್ಗತ್ತಲಲ್ಲಿ, ಬೇಯುತ್ತಾ ಕೂತಿದ್ದರು. ಗೌಡರು ತಮ್ಮ ಟವೆಲಿನಿಂದ ಪಕ್ಕದ ಸೀಟಿಗೆ ಗಾಳಿ ಹಾಕುತ್ತಿದ್ದರು. ಟೀಚರ ತಲೆ ಅವರ ಭುಜದ ಮೇಲೆ ವಾಲಿತ್ತು. "ಟೀಚರಮ್ಮೋರು ನಿದ್ದೆ ಓಗವ್ರೆ ಅಂತ ಸುಮ್ಕಿದ್ದೆ. ಇವಾಗ ಕೈ ಮುಟ್ಟುದ್ರೆ ತಣ್ಣಗೈತೆ, ನೋಡ್ರವ್ವ" ಎಂದರು.

ಅವರನ್ನು ಹೊತ್ತು ಹೊರಗೆ ತಂದೆವು. ಹೆಬ್ಬಾಳದ ಆಸ್ಪತ್ರೆಗೆ ಮ್ಯಾನೇಜರ ಕಾರಿನಲ್ಲೇ ಓಡಿದೆವು, ಸರ್ವಿಸ್ ರೋಡಿನಲ್ಲಿ ಎದುರು ದಿಕ್ಕಿಗೆ. ಬಿ.ಪಿ. ಕುಸಿದಿದೆ, ಮೈಯಲ್ಲಿ ನೀರಿನಂಶ ಹೋಗಿದೆ, ಇನ್ನೂ ಹತ್ತು ನಿಮಿಷ ತಡವಾಗಿದ್ದರೆ ಕಷ್ಟವಿತ್ತು ಎಂದರು ಡಾಕ್ಟರು. ಸಂಜೆಯ ಹೊತ್ತಿಗೆ ಟೀಚರು ಕಣ್ಣು ಬಿಟ್ಟರು. ಅವರ ಮಗಳು ಬಂದು ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, "ನಮ್ಮಮ್ಮನ್ನ ಏನ್ ಮಾಡಿದ್ರಿ ನೀವು?" ಎಂದು ಕೇಳಿದಳು. ಕಾರಿಡಾರಿನ ಗೋಡೆಗೆ ಒರಗಿ ಅತ್ತೆ.

ಮರುದಿನ ಬೆಳಿಗ್ಗೆ ಶೆಡ್ಡಿಗೆ ಬಂದಾಗ ನನ್ನ ಮೇಜಿನ ಮೇಲೆ ಹದಿನೇಳು ಫಾರಂಗಳು ನೀಟಾಗಿ ಜೋಡಿಸಿಟ್ಟಿದ್ದವು. ನಾವು ಆಸ್ಪತ್ರೆಗೆ ಓಡಿದ ಮೇಲೆ ಟೆಕ್ನಿಷಿಯನ್ ಉಳಿದವರಿಗೆ ನೀರು, ಮಜ್ಜಿಗೆ ಕೊಟ್ಟು ಕೂರಿಸಿದ್ದಾನೆ. ಅಡುಗೆ ತಯಾರಾಗಿತ್ತಲ್ಲ, ಊಟ ಹಾಕಿಸಿದ್ದಾನೆ. ಆಮೇಲೆ ಏನು ಮಾಡಬೇಕೆಂದು ತಿಳಿಯದೆ, ಕೈ ರೂಢಿಯಾದ ಹಾಗೆ ಡಬ್ಬಿ ಕೊಟ್ಟು ಫಾರಂ ಕೊಟ್ಟಿದ್ದಾನೆ. ನಾನು ಒಂದೊಂದನ್ನೇ ತಿರುವಿದೆ. ಎಂಟು. ಒಂಬತ್ತು. ಎಂಟು. ಉಸಿರು ಕಟ್ಟಿದಂತಾಯಿತೇ ಎಂಬುದಕ್ಕೆ ಇಲ್ಲ, ಇಲ್ಲ, ಸ್ವಲ್ಪ, ಇಲ್ಲ. ಒಬ್ಬರು ಕೆಳಗೆ ಮುತ್ತಿನಂಥ ಅಕ್ಷರದಲ್ಲಿ, "ವ್ಯವಸ್ಥೆ ಬಹಳ ಅಚ್ಚುಕಟ್ಟಾಗಿತ್ತು. ಹೋಳಿಗೆ ರುಚಿಯಾಗಿತ್ತು. ನಿಮ್ಮ ಸಂಸ್ಥೆಗೆ ಒಳ್ಳೆಯದಾಗಲಿ" ಎಂದು ಬರೆದಿದ್ದರು. ಹಿಂದಿನ ದಿನ ಟೀಚರ ತಣ್ಣಗಿನ ಕೈ ಮುಟ್ಟಿದಾಗ ಆದ ಗಾಬರಿ ಒಂದು ತೂಕವಾದರೆ, ಈ ಫಾರಂಗಳನ್ನು ಓದಿದಾಗ ಆದದ್ದು ಇನ್ನೊಂದು ತೂಕ.

ಅಷ್ಟರಲ್ಲಿ ಕ್ಯಾಬಿನ್ ಒರೆಸಲು ಹೋಗಿದ್ದ ಹೆಂಗಸು ಬಂದು ಬಾಗಿಲಲ್ಲಿ ನಿಂತಳು. "ಮೇಡಂ, ಟಿ.ವಿ. ಗೋಡೆ ಎಲ್ಲಾ ಕೈ ಗುರುತು. ಒರೆಸ್ಲಾ, ಬೇಡ್ವಾ?" ಎಂದು ಕೇಳಿದಳು. ನಾನು ಹೋಗಿ ಓರೆಯಾಗಿ ಟಾರ್ಚ್ ಹಿಡಿದು ನೋಡಿದೆ. ಗೋಡೆಯ ಪಕ್ಕದ ಸೀಟು ಹನ್ನೆರಡು. ಹತ್ತರ ಪಕ್ಕದಲ್ಲಿ, ಆರಿದ ಕಪ್ಪು ಪರದೆಯ ಮೇಲೆ, ಬೆವರಿನ ಅಂಗೈ ಗುರುತು ಒಣಗಿ ನಿಂತಿತ್ತು. ಒಂದೆರಡು ಕಡೆ ಬೆರಳು ಜಾರಿಸಿ ಅಂಚು ಹುಡುಕಿದ ಗೆರೆಗಳೂ ಇದ್ದವು. ಎಲ್ಲ ಗುರುತೂ ಭುಜದ ಎತ್ತರದಲ್ಲೇ, ಸಾಮಾನ್ಯ ವಿಮಾನದಲ್ಲಿ ಕಿಟಕಿ ಇರುವ ಜಾಗದಲ್ಲೇ ಇದ್ದವು. ಅವಳನ್ನು ಒರೆಸಬೇಡ ಎಂದು ತಡೆದು ಫೋಟೋ ತೆಗೆದೆ.

ಮ್ಯಾನೇಜರದ್ದು ಸ್ಪಷ್ಟ ನಿಲುವು. ಅಪಘಾತದ ವರದಿ ಬೇರೆ, ಸುಖದ ವರದಿ ಬೇರೆ. "ಬುಧವಾರದ್ದು ತೆಗೆದುಹಾಕಿ. ಉಳಿದ ಐದು ವಾರದ್ದು ಚೊಕ್ಕಟವಾಗಿದೆಯಲ್ರೀ. ಶುಕ್ರವಾರ ಕಳ್ಸಿ ಕೈ ತೊಳ್ಕೊಳಿ."

"ಚೊಕ್ಕಟ ಹೇಗಾಗುತ್ತೆ ಸಾರ್? ಕತ್ತಲಲ್ಲಿ ಬೆಂದೋರೇ ಎಂಟು ಕೊಟ್ಟಿದಾರೆ. ಹಂಗಾದ್ರೆ ಬೆಳಕಲ್ಲಿ ಕೂತೋರು ಕೊಟ್ಟ ಎಂಟಕ್ಕೆ ಏನರ್ಥ?"

"ಜನಕ್ಕೆ ಇಷ್ಟ ಆಯ್ತು ಅಂತ ಅರ್ಥ."

"ಅಲ್ಲ ಸಾರ್. ನಾವು ಅವರಿಗೆ ಇಷ್ಟ ಆದ್ವಿ. ಕ್ಯಾಬಿನ್ ಅಲ್ಲ."

ಮ್ಯಾನೇಜರು ಕೆಟ್ಟವರಲ್ಲ, ಟೀಚರನ್ನು ಕಾರಿಗೆ ಹೊತ್ತು ತಂದವರು ಅವರೇ. "ಕೂತ ಕೊಂಬೆ ಕಡೀತಿದ್ದೀರಿ. ಮುಂದಿನ ಎರಡು ವರ್ಷದ ಕೆಲಸ ಇದು, ನಿಮ್ಮೊಬ್ಬರದ್ದಲ್ಲ, ನಲವತ್ತು ಜನರದ್ದು. ಕಡಿಯೋದೇ ಆದ್ರೆ ನೀವೇ ಫೋನ್ ಮಾಡಿ ಹೇಳಿ. ಆಮೇಲೆ ಈ ಪ್ರಾಜೆಕ್ಟಲ್ಲಿ ನಿಮ್ಮನ್ನ ಇಟ್ಕೊಳ್ಳೋದು ನನ್ನ ಕೈಲಿಲ್ಲ" ಎಂದರು. ನನಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ನಲವತ್ತು ಜನರ ಮುಖಗಳೂ ನನಗೆ ಗೊತ್ತಿದ್ದವು. ಮಧ್ಯಾಹ್ನ ಊಟ ಬಿಟ್ಟು ಮೆಟ್ಟಿಲ ಮೇಲೆ ಕೂತೆ, ಸಂಜೆ ಫೋನ್ ಮಾಡಿದೆ.

ಗ್ರಾಹಕರ ಎಂಜಿನಿಯರ್ ಎಲ್ಲವನ್ನೂ ಕೇಳಿಸಿಕೊಂಡ. ಬುಧವಾರದ ಸರಾಸರಿ ಎಷ್ಟು ಎಂದ. ಎಂಟೂ ಕಾಲು ಎಂದೆ. ಲೈನು ಕಟ್ಟಾಯಿತೇ ಎಂದು ಎರಡು ಸಲ ಹಲೋ ಎಂದೆ. ಕೊನೆಗೆ ಅವನು, ಐದು ವಾರದ್ದನ್ನೂ ರದ್ದು ಮಾಡುತ್ತೇನೆ, ಆದರೆ ಈ ಜನ ನಿಜವಾಗಿ ಏನು ಅಂದುಕೊಂಡರು ಎಂಬುದು ನನಗೆ ಬೇಕು, ಮೂರು ವಾರ ಕೊಡುತ್ತೇನೆ ಎಂದ. ಹೇಗೆ ಎಂದು ಅವನೂ ಹೇಳಲಿಲ್ಲ, ನನಗೂ ಗೊತ್ತಿರಲಿಲ್ಲ.

ದಾರಿ ತೋರಿಸಿದವರು ಗೌಡರು. ಕ್ಷಮೆ ಕೇಳಲೆಂದು ಅವರ ಮನೆಗೆ ಹೋಗಿದ್ದೆ. ಹೊಸ ಅಪಾರ್ಟ್‌ಮೆಂಟುಗಳ ನಡುವೆ ಸಿಕ್ಕಿಕೊಂಡ ಹಳೆಯ ಹೆಂಚಿನ ಮನೆ. ಜಗುಲಿಯ ಮೇಲೆ ಕೂರಿಸಿ, ಬೇಡವೆಂದರೂ ಬಿಡದೆ ಮುದ್ದೆ, ಅವರೆಕಾಳಿನ ಸಾರು ಹಾಕಿಸಿದರು. ನಾನು ಉಣ್ಣುತ್ತಿರುವಾಗಲೇ ಅವರ ಬಾಯಿ ಬಿಚ್ಚಿತು.

"ನಿಜ ಯೋಳ್ಲಾ ಮೇಡಮ್ಮೋರೆ? ನಾನು ಮೊದ್ಲಿಂದ್ಲೂ ಕಣ್ ಮುಚ್ಕೊಂಡೇ ಕೂತಿದ್ದೆ. ಆ ಗ್ವಾಡೆ ಮೇಲಿನ ಮೋಡ ನೋಡುದ್ರೆ ತಲೆ ಗಿರ್ ಅಂತಿತ್ತು. ಎದೆ ಮ್ಯಾಲೆ ಕಲ್ಲಿಟ್ಟಂಗಾಗದು."

"ಮತ್ತೆ ಫಾರಂನಲ್ಲಿ ಒಂಬತ್ತು ಕೊಟ್ಟಿದೀರಲ್ಲ?"

ಅವರು ನನ್ನನ್ನು ವಿಚಿತ್ರವಾಗಿ ನೋಡಿದರು. "ಉಂಡ ಮನೆ ಜಂತೆ ಎಣಿಸ್ತಾರಾ ಯಾರಾದ್ರೂ? ಓಳ್ಗೆ ಊಟ ಆಕ್ಸಿ, ತಾಂಬೂಲ ಕೊಟ್ಟು, ಎಂಗಿತ್ತು ಅಂತ ಕೇಳುದ್ರೆ ಚೆನ್ನಾಗಿಲ್ಲ ಅನ್ನೋಕಾಯ್ತದಾ? ನಾಲಿಗೆ ಎಂಗ್ ಬತ್ತದೆ?"

ಐದು ವಾರ ನಾವು ಅಳೆದದ್ದು ಅಡುಗೆಯವರ ಕೈಗುಣವನ್ನು. ಕರೆದವರ ಶೆಡ್ಡಿನಲ್ಲಿ, ಅವರ ಎಲೆಯಲ್ಲಿ ಉಂಡು, ಅವರ ಕೆಲಸಕ್ಕೆ ಕೆಟ್ಟ ಮಾತಾಡುವುದು ನಮ್ಮ ಜನಕ್ಕೆ ಬಾರದು, ನನಗೇ ಬಾರದು. ಆದರೆ ಇಲ್ಲಿ ಅತಿಥಿ ನಾನು. ಮನೆಯ ಯಜಮಾನ ಏನು ಬೇಕಾದರೂ ಹೇಳಬಹುದು, ಉಣ್ಣುವವಳು ತಲೆತಗ್ಗಿಸಿ ಕೇಳಬೇಕು. ಅಂದೇ ನಿರ್ಧರಿಸಿದೆ: ಶೆಡ್ಡಿಗೆ ಯಾರನ್ನೂ ಕರೆಯುವುದಿಲ್ಲ, ಫಾರಂ ಕೊಡುವುದಿಲ್ಲ, ಅಂಕ ಕೇಳುವುದಿಲ್ಲ. ಬಂದಿದ್ದವರ ಪಟ್ಟಿ ಹಿಡಿದು ಅವರವರ ಮನೆಗೆ ಹೋಗಿ, ಅವರು ಕೊಟ್ಟದ್ದನ್ನು ತಿಂದು ಕುಡಿದು, ಒಂದೇ ಪ್ರಶ್ನೆ ಕೇಳುವುದು: ನಿಮ್ಮ ಮನೆಯ ಮಗುವನ್ನು ಇದರೊಳಗೆ ಎಂಟು ಗಂಟೆ ಕೂರಿಸುತ್ತೀರಾ?

ಮೂರು ವಾರ ಸ್ಕೂಟರಿನಲ್ಲಿ ಸುತ್ತಿದೆ. ಯಶವಂತಪುರ, ಆರ್.ಟಿ. ನಗರ, ಹೆಸರಘಟ್ಟದ ಹಾದಿಯ ಒಂದು ಡೈರಿ. ದಿನಕ್ಕೆ ಏಳೆಂಟು ಲೋಟ ಕಾಫಿ ಕುಡಿದು ಹೊಟ್ಟೆ ಕೆಟ್ಟಿತು. ಆದರೆ ಜನ ಹೇಳಿದರು. ಒಬ್ಬರು ಹೊರಬಂದ ಕೂಡಲೇ ಹಿಂದಿನ ಬಚ್ಚಲಿನಲ್ಲಿ ವಾಂತಿ ಮಾಡಿ, ಬಾಯಿ ತೊಳೆದು, ನಗುತ್ತಾ ಊಟಕ್ಕೆ ಕೂತಿದ್ದರಂತೆ. ಇನ್ನೊಬ್ಬರಿಗೆ ವಾರವೆಲ್ಲ ಲಿಫ್ಟ್ ಹತ್ತಲು ಭಯವಾಗಿತ್ತಂತೆ. ಎರಡು ಮೂರು ಜನ ತಮಗೆ ನಿಜವಾಗಿ ಇಷ್ಟವಾಯಿತು, ಮಗುವನ್ನೂ ಕೂರಿಸುತ್ತೇವೆ ಎಂದರು, ಅದನ್ನೂ ಬರೆದುಕೊಂಡೆ. ಬುಧವಾರದವರೆಲ್ಲ ಒಂದೇ ಮಾತು ಹೇಳಿದರು: ಕತ್ತಲೆಯೂ ಪರೀಕ್ಷೆಯ ಭಾಗ ಎಂದುಕೊಂಡೆವು, ನಾವು ಎದ್ದರೆ ನಿಮ್ಮ ಪರೀಕ್ಷೆ ಕೆಡುತ್ತಿತ್ತಲ್ಲ. ಮ್ಯಾನೇಜರು ಈ ಮಧ್ಯೆ ನನ್ನನ್ನು ಕರೆದು, ಈ ವರದಿ ಮುಗಿದ ಮೇಲೆ ನೀವು ಬೇರೆ ವಿಭಾಗಕ್ಕೆ ಎಂದು ತಿಳಿಸಿದರು. ಬೇಜಾರಾಯಿತು, ಆದರೆ ಆಶ್ಚರ್ಯವಾಗಲಿಲ್ಲ.

ಟೀಚರ ಮನೆಯನ್ನು ಕೊನೆಗೆ ಉಳಿಸಿಕೊಂಡಿದ್ದೆ. ಹೋಗುವ ಧೈರ್ಯವೇ ಬಂದಿರಲಿಲ್ಲ. ಗಂಗಾನಗರದ ಎರಡನೇ ಮಹಡಿ, ಬಾಲ್ಕನಿಯಲ್ಲಿ ತುಳಸಿ. ಬಾಗಿಲು ತೆಗೆದ ಮಗಳು ನನ್ನನ್ನು ಅಲ್ಲೇ ಬಿಟ್ಟು ಒಳಗೆ ಹೋದಳು. ಟೀಚರು ಇನ್ನೂ ಸೊರಗಿದ್ದರು, ಆದರೆ ಬೆನ್ನು ನೆಟ್ಟಗೇ ಇತ್ತು. ಕಾಫಿಯನ್ನು ತಾವೇ ತಂದುಕೊಟ್ಟರು. ನಾನು ಕ್ಷಮೆ ಕೇಳತೊಡಗಿದಾಗ ಕೈಯಾಡಿಸಿ ನಿಲ್ಲಿಸಿದರು.

"ಅದಿರ್ಲಿ. ನಿನ್ನ ಪರೀಕ್ಷೆ ಏನಾಯ್ತು? ನನ್ನಿಂದ ಕೆಟ್ಟೋಯ್ತು ಅಂತ ಆಸ್ಪತ್ರೇಲಿ ಅದೇ ಯೋಚ್ನೆ ಕಣಮ್ಮ ನಂಗೆ."

"ನಿಮ್ಮಿಂದ ಏನೂ ಕೆಟ್ಟಿಲ್ಲ ಟೀಚರ್." ಪಟ್ಟಿಯಲ್ಲಿದ್ದ ಪ್ರಶ್ನೆ ಮರೆತುಹೋಯಿತು. ಮೂರು ವಾರದಿಂದ ನನ್ನನ್ನು ಕೊರೆಯುತ್ತಿದ್ದುದೇ ಬಾಯಿಗೆ ಬಂತು. "ನೀವು ಮೊದಲನೇ ಸಾಲಲ್ಲಿದ್ರಿ. ಬಾಗಿಲಿಗೆ ಮೂರು ಹೆಜ್ಜೆ. ಬೀಗ ಇರ್ಲಿಲ್ಲ. ತಳ್ಳಿದ್ರೆ ಸಾಕಿತ್ತು. ಇಷ್ಟು ಜನ ಇದ್ರಿ, ಒಬ್ಬರಾದ್ರೂ ಯಾಕೆ ಏಳ್ಲಿಲ್ಲ?"

"ನಾನು ಎದ್ದಿದ್ದೆ."

ನಾನು ಲೋಟ ಕೆಳಗಿಟ್ಟೆ. ಈ ಮಾತನ್ನು ಯಾರೂ ಹೇಳಿರಲಿಲ್ಲ.

"ಬೆಲ್ಟ್ ಬಿಚ್ಚಿ ಎದ್ದೆ. ಗೋಡೆ ತಡಕಾಡ್ಕೊಂಡು ಹೋಗಿ ಬಾಗಿಲಿನ ಹಿಡಿ ಹಿಡ್ಕೊಂಡೆ. ಎಷ್ಟು ಹೊತ್ತು ಹಿಡ್ಕೊಂಡು ನಿಂತಿದ್ನೋ ಗೊತ್ತಿಲ್ಲ. ಕಾಲು ನಡುಗ್ತಿತ್ತು. ಆಮೇಲೆ ವಾಪಸ್ ಬಂದು ಕೂತು ಬೆಲ್ಟ್ ಹಾಕ್ಕೊಂಡೆ."

"ವಾಪಸ್ ಯಾಕೆ ಬಂದ್ರಿ ಟೀಚರ್?"

ಪಾಠ ಮರೆತ ವಿದ್ಯಾರ್ಥಿಯನ್ನು ನೋಡುವಂತೆ ಅವರು ನನ್ನನ್ನು ನೋಡಿದರು. ಕೋಪವೇನೂ ಇರಲಿಲ್ಲ. "ನೀನೇ ಹೇಳಿದ್ಯಲ್ಲಮ್ಮ ಬೆಳಿಗ್ಗೆ. ಏನೇ ಆದ್ರೂ ನಾನು ಬಂದು ಬಾಗಿಲು ತೆಗೆಯೋವರೆಗೂ ಯಾರೂ ದಯವಿಟ್ಟು ಏಳ್ಬೇಡಿ ಅಂತ. ಕೈ ಮುಗಿದು ಹೇಳಿದ್ದೆ ನೀನು. ನೀನು ಬರ್ತೀಯ ಅಂತ ಕೂತೆ."

ಹೇಳಿದ್ದೆ. ಆರು ವಾರ, ಪ್ರತಿ ದಿನ, ಬಾಗಿಲು ಹಾಕುವ ಮೊದಲು ಹೇಳಿದ್ದೆ. ಮೊದಲ ದಿನವೇ ಯಾರೋ ನಡುವೆ ಎದ್ದು ಓಡಾಡಿ ಅಳತೆ ಕೆಟ್ಟಿತ್ತು. ಅಂದಿನಿಂದ ಗ್ರಾಹಕರ ಸೂಚನೆಗೆ ಆ ಒಂದು ವಾಕ್ಯವನ್ನು ನಾನೇ ಸೇರಿಸಿಕೊಂಡಿದ್ದೆ. ಹೇಳಿ ಹೇಳಿ ಬಾಯಿಪಾಠವಾಗಿ, ಹೇಳುತ್ತಿದ್ದೇನೆ ಎಂಬುದೇ ಮರೆತುಹೋಗಿತ್ತು. ಪ್ಲೈವುಡ್ಡು, ಟೇಪು, ಲೈನು, ಹೋಳಿಗೆ, ಎಲ್ಲವನ್ನೂ ವರದಿಯಲ್ಲಿ ಬರೆದಿದ್ದೆ, ಇದನ್ನು ಬರೆದಿರಲಿಲ್ಲ. ಟೀಚರಿಗೆ ಏನು ಹೇಳಿದೆನೋ ನೆನಪಿಲ್ಲ. ಅವರು ನನ್ನ ತಲೆ ಸವರಿ, ಕಾಫಿ ಆರಿಹೋಯಿತು ಎಂದು ಲೋಟ ಒಳಗೆ ತೆಗೆದುಕೊಂಡು ಹೋದದ್ದು ನೆನಪಿದೆ.

ಸಂಜೆ ಆಫೀಸಿಗೆ ಹೋಗಿ ವರದಿ ತೆರೆದೆ. ಮೊದಲ ಪುಟದಲ್ಲಿ ಅಂಗೈ ಗುರುತಿನ ಫೋಟೋ ಇತ್ತು. ಎರಡನೇ ಪುಟದಲ್ಲಿ ಘಟನೆಯ ಕಾರಣ ಎಂಬ ಕಲಂ, ಅದರಲ್ಲಿ ವಿದ್ಯುತ್ ಸಂಪರ್ಕದ ಬಗ್ಗೆ ನಾನು ಬರೆದಿದ್ದ ನಾಲ್ಕು ಸಾಲು. ಅವುಗಳ ಮೇಲೆ ಜಾಗ ಮಾಡಿಕೊಂಡು ಹೊಸದಾಗಿ ಬರೆದೆ: "ಏನೇ ಆದರೂ ತಾನು ಬರುವವರೆಗೆ ಏಳಬಾರದೆಂದು ಪ್ರಯೋಗದ ಮುಖ್ಯಸ್ಥೆ ಪ್ರಯಾಣಿಕರಿಗೆ ಹೇಳಿದ್ದಳು. ಅವರಲ್ಲೊಬ್ಬರು ಬಾಗಿಲಿನ ಹಿಡಿ ಹಿಡಿದು, ಆ ಮಾತು ನೆನೆದು, ಹಿಂತಿರುಗಿ ಕೂತರು." ಕೆಳಗೆ ನನ್ನ ಹೆಸರು ಹಾಕಿ ಕಳಿಸಿದೆ.